ಹೆವಿ ಮೆಟಲ್ ಮತ್ತು ಹವ್ಯಾಸಿಯ ಕಿವಿ

ರಾಕ್ ಅಥವಾ ಹೆವಿ ಮೆಟಲ್ ತಂಡವೊಂದರ ಹೊಸ ಆಲ್ಬಮ್ ಹೊರಬಂದಾಗ ಅದರ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳು ಹುಟ್ಟಿಕೊಳ್ಳುತ್ತವೆ. ಪತ್ರಿಕೆಗಳಿಗೆ ಸಂಭಾವನೆ ಪಡೆದು ಬರೆಯುವ ವಿಮರ್ಶಕರದು ಒಂದು. ಕೈಯಿಂದ ದುಡ್ಡು ಹಾಕಿ ಆಲ್ಬಮ್ ಕೊಂಡು, ಅದನ್ನು ಹಗಲಿರುಳು ಕೇಳಿ, ಸಿಕ್ಕಸಿಕ್ಕವರೊಡನೆ ಅದರ ಗುಣದೋಷಗಳನ್ನು ವಾದಿಸುವ ಹವ್ಯಾಸಿ ಕೇಳುಗರದು ಇನ್ನೊಂದು. ಬೇರೆ ಕಲೆಗಳಲ್ಲಿ ಮೊದಲನೆಯದಕ್ಕೆ ತೂಕ ಹೆಚ್ಚು. ಎರಡನೆಯದನ್ನು ಅಭಿಮಾನಿಗಳ ಗದ್ದಲವೆಂದು ಬದಿಗಿಡುವುದೇ ವಾಡಿಕೆ. ಹೆವಿ ಮೆಟಲ್‌ನ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿದೆ: ಯಾವ ತಂಡಕ್ಕೆ ಕಿವಿಗೊಡಬೇಕು, ಯಾವ ಧ್ವನಿಮುದ್ರಣ ಕೆಟ್ಟಿದೆ ಎಂಬ ಪ್ರಶ್ನೆಗಳಿಗೆ ಹವ್ಯಾಸಿಗಳೇ ಮೊದಲು, ಹಲವು ಬಾರಿ ಸರಿಯಾಗಿಯೂ, ಉತ್ತರ ಕೊಟ್ಟಿದ್ದಾರೆ.

ಈ ಸಂಗೀತದ ಬಳಕೆಯಿಲ್ಲದವರಿಗೆ ಅದು ಬರೀ ಅಬ್ಬರವೆಂದು ತೋರುವುದು ಸಹಜ. ಎಲೆಕ್ಟ್ರಿಕ್ ಗಿಟಾರಿನಿಂದ ಬರುವ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರ್ ತಾಳಬಲ್ಲ ಮಿತಿಯನ್ನು ಮೀರಿ ಹೆಚ್ಚಿಸಿದಾಗ ನಾದದ ಅಂಚು ಒಡೆದು ಒರಟಾಗುತ್ತದೆ, ಜೊತೆಗೆ ಹೆಚ್ಚು ಹೊತ್ತು ನಿಲ್ಲುತ್ತದೆ. ಇದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ಆ ಒರಟು ನಾದದಲ್ಲಿ ನುಡಿಸುವ, ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಚಿಕ್ಕ ಸ್ವರಗುಚ್ಛವೇ ರಿಫ್. ಕೀರ್ತನೆಯಲ್ಲಿ ಪಲ್ಲವಿಗಿರುವ ಸ್ಥಾನ ಮೆಟಲ್‌ನಲ್ಲಿ ರಿಫ್‌ಗಿದೆ ಎಂದರೆ ಹೆಚ್ಚು ತಪ್ಪಾಗದು. ಗಾಯಕ ಏನು ಹೇಳುತ್ತಾನೆ ಎಂಬುದು ಸಾಮಾನ್ಯ ಶ್ರೋತೃವಿನ ಮೊದಲ ಪ್ರಶ್ನೆಯಾದರೆ, ರಿಫ್ ಹೇಗಿದೆ ಎಂಬುದು ಮೆಟಲ್ ಕೇಳುಗನ ಮೊದಲ ಪ್ರಶ್ನೆ. ವೃತ್ತಿ ವಿಮರ್ಶಕರು ಎಡವಿದ್ದು ಬಹುಮಟ್ಟಿಗೆ ಇಲ್ಲಿಯೇ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬ್ಲ್ಯಾಕ್ ಸಬಾತ್ ತಂಡದ ಮೊದಲ ಆಲ್ಬಮ್, ತಂಡದ ಹೆಸರನ್ನೇ ಹೊತ್ತು, 1970ರ ಫೆಬ್ರವರಿ 13ರಂದು ಹೊರಬಂತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿ ಕಳೆದುಕೊಂಡಿದ್ದರು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದಾಗಿತ್ತು. ಪ್ಲಾಸ್ಟಿಕ್ ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಹಾಕಿಕೊಂಡು, ಮುಂದೆ 1971ರ ಆಲ್ಬಮ್ಮಿನ ಹೊತ್ತಿಗೆ ಶ್ರುತಿಯನ್ನೂ ಇಳಿಸಿ ನುಡಿಸಿದ ಅವರ ವಾದನದಿಂದ ಮೆಟಲ್‌ಗೆ ಅದರ ವಿಶಿಷ್ಟವಾದ ಭಾರ ಬಂತು. ಮೊದಲ ಆಲ್ಬಮ್ಮಿನ ಬಹುಭಾಗ ಮುದ್ರಣವಾದದ್ದು ಒಂದೇ ದಿನದಲ್ಲಿ. ಅದರ ಆರಂಭದ ಹಾಡಿನ ರಿಫ್‌ನಲ್ಲಿರುವುದು ಷಡ್ಜ, ಅದರ ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ, ಇಷ್ಟೇ. ಷಡ್ಜ ಮತ್ತು ಪ್ರತಿಮಧ್ಯಮಗಳ ನಡುವಿನ ಅಂತರವನ್ನು ಪಾಶ್ಚಾತ್ಯ ಸಂಗೀತಶಾಸ್ತ್ರ ಟ್ರೈಟೋನ್ ಎಂದು ಕರೆದು, ಅದನ್ನು ನೆಮ್ಮದಿಗೆಡಿಸುವ, ಬೇರೆ ಸ್ವರಕ್ಕೆ ಸಾಗಿಸಿ ಶಮನಗೊಳಿಸಬೇಕಾದ ಅಂತರವೆಂದು ಎಣಿಸುತ್ತದೆ. ಕಲ್ಯಾಣಿ ರಾಗವನ್ನು ಕೇಳಿ ಬೆಳೆದವರಿಗೆ ಪ್ರತಿಮಧ್ಯಮದಲ್ಲಿ ಭಯಪಡುವಂಥದ್ದೇನೂ ಕಾಣದಿರಬಹುದು. ಆದರೆ ಅಲ್ಲಿ ಪಂಚಮದ ಆಸರೆ ಹತ್ತಿರದಲ್ಲೇ ಇರುತ್ತದೆ. ಸಬಾತ್‌ನ ರಿಫ್ ಪಂಚಮದಲ್ಲಿ ನೆಲೆಗೊಳ್ಳದೆ, ನಿಧಾನಗತಿಯಲ್ಲಿ, ಆ ಒಂದೇ ಸ್ವರದ ಮೇಲೆ ಕಂಪಿಸುತ್ತ ನಿಲ್ಲುತ್ತದೆ.

ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಅದೇ ವರ್ಷ ಈ ಆಲ್ಬಮ್ಮನ್ನು ವಿಮರ್ಶಿಸಿದ ಲೆಸ್ಟರ್ ಬ್ಯಾಂಗ್ಸ್ ಅದನ್ನು ಕ್ರೀಮ್ ಎಂಬ ಹೆಸರಾಂತ ತಂಡದ ಕಳಪೆ ಅನುಕರಣೆಯೆಂಬಂತೆ ತಳ್ಳಿಹಾಕಿದರು. ಬ್ಯಾಂಗ್ಸ್ ದಡ್ಡರಲ್ಲ, ರಾಕ್ ವಿಮರ್ಶೆಯ ಅತ್ಯಂತ ಚುರುಕಾದ ಲೇಖಕರಲ್ಲಿ ಒಬ್ಬರು. ಆದರೆ ಬ್ಲೂಸ್ ಎಂಬ ಶೈಲಿಯ ವಾದನದ ಕೈಚಳಕವನ್ನು ಅಳೆಯುವ ಕೋಲಿನಿಂದ ಅವರು ಭಾರವನ್ನು ಅಳೆಯಲು ಹೊರಟಿದ್ದರು. ಅಳತೆಗೋಲಿನ ಗೊಡವೆಯೇ ಇಲ್ಲದ ಕೇಳುಗರು ಆಲ್ಬಮ್ಮನ್ನು ಕೊಂಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಏರಿಸಿದರು, ಅದೇ ವರ್ಷದ ಎರಡನೆಯ ಆಲ್ಬಮ್ ‘ಪ್ಯಾರನಾಯ್ಡ್’ ಅಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. 2017ರಲ್ಲಿ ರೋಲಿಂಗ್ ಸ್ಟೋನ್ ಸಾರ್ವಕಾಲಿಕ ಶ್ರೇಷ್ಠ ಮೆಟಲ್ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಅಗ್ರಸ್ಥಾನದಲ್ಲಿ ಇಟ್ಟದ್ದು ಆ ‘ಪ್ಯಾರನಾಯ್ಡ್’ ಅನ್ನೇ. ಕೇಳುಗರು ಸುಮಾರು ನಲವತ್ತೇಳು ವರ್ಷ ಮುಂದಿದ್ದರು.

ಕೇಳುಗರ ಅಭಿಪ್ರಾಯ ಬರೀ ಖರೀದಿಯ ಅಂಕಿಯಾಗಿ ಉಳಿಯದೆ ಅಚ್ಚಿಗೆ ಬಂದದ್ದು ಆ ದಶಕದ ಕೊನೆಯಲ್ಲಿ. ಉತ್ತರ ಲಂಡನ್ನಿನ ಕಿಂಗ್ಸ್‌ಬರಿಯ ಒಂದು ಪಬ್ಬಿನಲ್ಲಿ ಸೌಂಡ್‌ಹೌಸ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಸಂಜೆಗಳಲ್ಲಿ ನೀಲ್ ಕೇ ಎಂಬವರು ಹೆವಿ ಮೆಟಲ್ ರೆಕಾರ್ಡ್‌ಗಳನ್ನು ಹಾಕುತ್ತಿದ್ದರು. ಬಂದವರು ಯಾವ ಹಾಡನ್ನು ಹೆಚ್ಚು ಕೇಳಿಕೊಂಡರು ಎಂಬುದರ ಮೇಲೆ ಅವರು ಸಿದ್ಧಪಡಿಸಿದ ಪಟ್ಟಿಯನ್ನು ‘ಸೌಂಡ್ಸ್’ ವಾರಪತ್ರಿಕೆ ಪ್ರಕಟಿಸುತ್ತಿತ್ತು. ಐರನ್ ಮೇಡನ್ ಎಂಬ, ಆಗಿನ್ನೂ ಯಾವ ಕಂಪನಿಯ ಒಪ್ಪಂದವೂ ಇಲ್ಲದ ತಂಡ 1978ರ ಕೊನೆಯ ಎರಡು ದಿನಗಳಲ್ಲಿ ಮುದ್ರಿಸಿಕೊಂಡ ಮಾದರಿ ಟೇಪನ್ನು ಕೇ ಅವರ ಕೈಗಿಟ್ಟಿತು. ಅದರಲ್ಲಿದ್ದ ‘ಪ್ರೌಲರ್’ ಎಂಬ ಹಾಡು ಆ ಪಟ್ಟಿಯ ತುದಿಗೇರಿತು, ಎಂದರೆ ಅಂಗಡಿಯಲ್ಲಿ ಸಿಗದ ಹಾಡೊಂದು ದೇಶವೆಲ್ಲ ಓದುವ ಪತ್ರಿಕೆಯಲ್ಲಿ ಮೊದಲ ಸ್ಥಾನದಲ್ಲಿತ್ತು. ತಂಡ ಅದೇ ಟೇಪಿನ ಹಾಡುಗಳನ್ನು ‘ದಿ ಸೌಂಡ್‌ಹೌಸ್ ಟೇಪ್ಸ್’ ಎಂದು ಕರೆದು 1979ರಲ್ಲಿ 5000 ಪ್ರತಿಗಳಷ್ಟು ಒತ್ತಿಸಿ ಅಂಚೆಯ ಮೂಲಕ ಮಾರಿತು. ಆಮೇಲೆ ಇಎಂಐ ಕಂಪನಿಯ ಒಪ್ಪಂದ, 1980ರಲ್ಲಿ ಮೊದಲ ಆಲ್ಬಮ್. ಸಾಲು ಸಾಲಾಗಿ ಹೊರಟ ಇಂಥ ತಂಡಗಳ ಅಲೆಗೆ ಬ್ರಿಟಿಷ್ ಹೆವಿ ಮೆಟಲ್‌ನ ಹೊಸ ಅಲೆ ಎಂಬ ಹೆಸರಿಟ್ಟದ್ದೂ ಅದೇ ‘ಸೌಂಡ್ಸ್’ ಪತ್ರಿಕೆ.

ಅಮೆರಿಕದಲ್ಲಿ ಈ ಕೆಲಸವನ್ನು ಫ್ಯಾನ್‌ಜೀನ್‌ಗಳು ಮಾಡಿದವು. ಅಭಿಮಾನಿಯೊಬ್ಬ ತಾನೇ ಬರೆದು, ಟೈಪು ಮಾಡಿ, ನಕಲು ತೆಗೆಸಿ ಹಂಚುವ ಕಿರುಪತ್ರಿಕೆಗೆ ಫ್ಯಾನ್‌ಜೀನ್ ಎನ್ನುತ್ತಾರೆ. ಲಾಸ್ ಏಂಜಲಿಸ್‌ನಲ್ಲಿ ಅಂಥದೊಂದನ್ನು ನಡೆಸುತ್ತಿದ್ದ, ರೆಕಾರ್ಡ್ ಅಂಗಡಿಯ ನೌಕರ ಬ್ರಯನ್ ಸ್ಲೇಗಲ್ ತಾನು ಮೆಚ್ಚಿದ ಊರಿನ ತಂಡಗಳ ಹಾಡುಗಳನ್ನು ಕೂಡಿಸಿ 1982ರಲ್ಲಿ ‘ಮೆಟಲ್ ಮ್ಯಾಸಕರ್’ ಎಂಬ ಸಂಕಲನ ತಂದರು. ಮೆಟಾಲಿಕಾ ತಂಡದ ಹಾಡು ಮೊದಲು ರೆಕಾರ್ಡಿನಲ್ಲಿ ಬಂದದ್ದು ಅದರಲ್ಲಿ, ಅದೂ ತಂಡದ ಹೆಸರಿನ ಕಾಗುಣಿತ ತಪ್ಪಿ. ಆ ಹೆಸರು ಕೂಡ ಇನ್ನೊಬ್ಬ ಫ್ಯಾನ್‌ಜೀನ್ ಸಂಪಾದಕ ತನ್ನ ಪತ್ರಿಕೆಗೆಂದು ಮಾಡಿಕೊಂಡಿದ್ದ ಹೆಸರುಗಳ ಪಟ್ಟಿಯಿಂದ ಬಂದದ್ದು. ತಂಡದ ಮಾದರಿ ಕ್ಯಾಸೆಟ್ ಅಪರಿಚಿತರಿಂದ ಅಪರಿಚಿತರಿಗೆ ಅಂಚೆಯಲ್ಲಿ ನಕಲಾಗುತ್ತ ದೇಶದ ಇನ್ನೊಂದು ತುದಿಗೆ ಮುಟ್ಟಿ, ಅಲ್ಲಿನ ರೆಕಾರ್ಡ್ ವ್ಯಾಪಾರಿಯೊಬ್ಬರಿಂದ 1983ರ ಮೊದಲ ಆಲ್ಬಮ್ ಹೊರಬಂತು.

ಇದೇ ಮೆಟಾಲಿಕಾ ಮುಂದೆ ಜಗತ್ತಿನ ಅತಿ ದೊಡ್ಡ ಮೆಟಲ್ ತಂಡವಾಗಿ, ಹವ್ಯಾಸಿಯ ಕಿವಿ ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ಮತ್ತೆ ಮತ್ತೆ ಉದಾಹರಣೆಯಾಯಿತು. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ಮಿನಲ್ಲಿ ಬಾಸ್ ಗಿಟಾರ್ ಬಹುತೇಕ ಕೇಳಿಸುವುದೇ ಇಲ್ಲವೆಂದು ಕೇಳುಗರು ದೂರಿದರು. ಕೆಲವರಂತೂ ಬಾಸ್ ಏರಿಸಿದ ತಮ್ಮದೇ ಆವೃತ್ತಿಗಳನ್ನು ಮಾಡಿಕೊಂಡರು. 2003ರ ‘ಸೇಂಟ್ ಆ್ಯಂಗರ್’ನಲ್ಲಿ ಸ್ನೇರ್ ಎಂಬ ಮುಖ್ಯ ಡ್ರಮ್ಮಿನ ಅಡಿಯಲ್ಲಿರುವ ತಂತಿಗಳನ್ನು ಸಡಿಲಿಸಿ ನುಡಿಸಿದ್ದರಿಂದ ಅದು ಡಬ್ಬ ಬಡಿದಂತೆ ಕೇಳುತ್ತದೆ ಎಂಬ ಟೀಕೆ ಇವತ್ತಿಗೂ ಆರಿಲ್ಲ. ಆದರೆ 2008ರ ಸೆಪ್ಟೆಂಬರ್ 12ರಂದು ಬಂದ ‘ಡೆತ್ ಮ್ಯಾಗ್ನೆಟಿಕ್’ನ ಪ್ರಸಂಗ ಇವೆರಡಕ್ಕಿಂತ ಸ್ವಾರಸ್ಯದ್ದು.

ಅದನ್ನು ತಿಳಿಯಲು ಮಾಸ್ಟರಿಂಗ್ ಎಂಬ ಹಂತದ ಪರಿಚಯ ಬೇಕು. ಬೇರೆ ಬೇರೆಯಾಗಿ ಮುದ್ರಿಸಿದ ವಾದ್ಯಗಳನ್ನು ಹದವಾಗಿ ಬೆರೆಸುವುದು ಮಿಕ್ಸಿಂಗ್. ಹಾಗೆ ಬೆರೆತ ಹಾಡುಗಳ ನಾದವನ್ನು ಕೊನೆಯದಾಗಿ ತಿದ್ದಿ, ಸಿ.ಡಿ.ಗೆ ಅಣಿಗೊಳಿಸುವುದು ಮಾಸ್ಟರಿಂಗ್. ಸಿ.ಡಿ.ಯಲ್ಲಿ ಧ್ವನಿಯ ಪ್ರತಿ ಕ್ಷಣವನ್ನೂ 65,536 ಮೆಟ್ಟಿಲುಗಳ ಪೈಕಿ ಒಂದರಲ್ಲಿ ದಾಖಲಿಸಲಾಗುತ್ತದೆ, ಅದಕ್ಕಿಂತ ಮೇಲೆ ಜಾಗವಿಲ್ಲ. ಜೋರಾಗಿ ಕೇಳುವ ಹಾಡು ಗಮನ ಸೆಳೆಯುತ್ತದೆಂಬ ನಂಬಿಕೆಯಿಂದ ಕಂಪನಿಗಳು 1990ರ ದಶಕದಿಂದ ಮೆಲುದನಿಯ ಭಾಗಗಳನ್ನೂ ಮೇಲಕ್ಕೆತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರತೊಡಗಿದವು. ಈ ಪೈಪೋಟಿಗೆ ಲೌಡ್‌ನೆಸ್ ವಾರ್ ಎಂಬ ಅಡ್ಡಹೆಸರೇ ಬಿತ್ತು. ಮಿತಿ ಮೀರಿದರೆ ಧ್ವನಿತರಂಗದ ತಲೆಗಳು ಚಪ್ಪಟೆಯಾಗಿ ಕತ್ತರಿಸಿಹೋಗುತ್ತವೆ. ಇದನ್ನು ಕ್ಲಿಪಿಂಗ್ ಎನ್ನುತ್ತಾರೆ. ಕಿವಿಗೆ ಅದು ಡ್ರಮ್ಮಿನ ಪ್ರತಿ ಪೆಟ್ಟಿನ ಮೇಲೂ ಪಟಪಟ ಸಿಡಿಯುವ ಕರಕರ ಸದ್ದಾಗಿ ತಾಗುತ್ತದೆ. ಬೇಕೆಂದೇ ತಂದ ಗಿಟಾರಿನ ಡಿಸ್ಟಾರ್ಷನ್‌ಗೂ ಈ ಬೇಡದ ಒಡಕಿಗೂ ವ್ಯತ್ಯಾಸ ತಿಳಿಯುವುದು ಮೆಟಲ್ ಕೇಳಿ ಪಳಗಿದ ಕಿವಿಗೆ ಮಾತ್ರ. ಎಲ್ಲವೂ ಗದ್ದಲವೇ ಎನ್ನುವವರಿಗೆ ಗದ್ದಲ ಕೆಟ್ಟದ್ದು ಗೊತ್ತಾಗುವುದಾದರೂ ಹೇಗೆ?

‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಹಲವು ಪತ್ರಿಕೆಗಳು ತಂಡ ತನ್ನ ಹಳೆಯ ವೇಗಕ್ಕೆ ಮರಳಿತೆಂದು ಹೊಗಳಿದವು. ಅಮೆರಿಕದ ಪಟ್ಟಿಯಲ್ಲಿ ಆಲ್ಬಮ್ ಮೊದಲ ಸ್ಥಾನದಲ್ಲೇ ಕಾಲಿಟ್ಟಿತು. ಅದೇ ಹೊತ್ತಿಗೆ ಈ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲೂ ಸಿಗತೊಡಗಿದ್ದವು. ಆಟಗಾರ ತಪ್ಪಿದಾಗ ಅವನ ಪಾಲಿನ ವಾದ್ಯ ಮಾತ್ರ ನಿಲ್ಲಬೇಕಾದ್ದರಿಂದ ಆಟಕ್ಕೆ ವಾದ್ಯಗಳ ಬಿಡಿ ಮುದ್ರಣಗಳು ಬೇಕು, ಹೀಗಾಗಿ ಕೊನೆಯ ಹಂತದ ಒತ್ತಡಕ್ಕೆ ಸಿಕ್ಕದ ಧ್ವನಿ ಅಲ್ಲಿಗೆ ಹೋಗಿತ್ತು. ಎರಡನ್ನೂ ಕೇಳಿದ ಹವ್ಯಾಸಿಗಳು ಆಟದ ಹಾಡೇ ಸಿ.ಡಿ.ಗಿಂತ ಚೆನ್ನಾಗಿದೆ ಎಂದರು, ಹೇಳಿ ಸುಮ್ಮನಾಗದೆ ಎರಡರ ತರಂಗಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆಗೆದು ಅಕ್ಕಪಕ್ಕ ಇಟ್ಟು ತೋರಿಸಿದರು: ಒಂದರಲ್ಲಿ ಏರಿಳಿತದ ಮೊನೆಗಳು ಎದ್ದು ಕಾಣುತ್ತಿದ್ದವು, ಇನ್ನೊಂದು ಮೇಲೆ ಕೆಳಗೆ ಹೆರೆದ ದಿಮ್ಮಿಯ ಹಾಗಿತ್ತು. ಆಲ್ಬಮ್ಮನ್ನು ಮತ್ತೆ ಸಿದ್ಧಪಡಿಸಬೇಕೆಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರೇ ಕೇಳುಗರೊಬ್ಬರ ಪತ್ರಕ್ಕೆ ಉತ್ತರಿಸುತ್ತ, ಹಾಡುಗಳು ತಮ್ಮ ಕೈ ಸೇರುವ ಮೊದಲೇ ಹಾಗೆ ಒತ್ತಿಹೋಗಿದ್ದವೆಂದು ಒಪ್ಪಿಕೊಂಡರು. ತಂಡ ಮಾತ್ರ ತನ್ನ ಧ್ವನಿಯನ್ನು ಸಮರ್ಥಿಸಿಕೊಂಡಿತು.

ಇಷ್ಟೆಲ್ಲ ಆದರೂ ಹವ್ಯಾಸಿಯ ತೀರ್ಪು ಸದಾ ನಂಬತಕ್ಕದ್ದಲ್ಲ. ಕಿವಿಗೆ ಬಿದ್ದದ್ದನ್ನು ಹೇಳುವಾಗ ಅದು ಬಲಶಾಲಿ. ನೆನಪಿನಲ್ಲಿರುವುದನ್ನು ಬೇಡುವಾಗ ದುರ್ಬಲ. 1996ರಲ್ಲಿ ಮೆಟಾಲಿಕಾ ‘ಲೋಡ್’ ಆಲ್ಬಮ್ ತಂದಾಗ ಅಭಿಮಾನಿಗಳ ಸಿಟ್ಟಿನ ಒಂದು ಪಾಲು ತಂಡದವರು ತಲೆಗೂದಲು ಕತ್ತರಿಸಿಕೊಂಡದ್ದರ ಮೇಲಿತ್ತು ಎಂಬುದನ್ನು ನೆನೆದರೆ, ಸಂಗೀತವಿಮರ್ಶೆಯ ಗಡಿ ಎಲ್ಲಿ ಮುಗಿಯುತ್ತದೆಂದು ಹೇಳುವುದು ಕಷ್ಟ. ಸ್ವೀಡನ್ನಿನ ಓಪೆತ್ ತಂಡದ ಕತೆಯೂ ಇದಕ್ಕೆ ಹತ್ತಿರದ್ದು. ಗಂಟಲಿನಾಳದಿಂದ ಗುರುಗುಟ್ಟುವ, ಗ್ರೌಲ್ ಎನಿಸಿಕೊಳ್ಳುವ ಹಾಡಿಕೆಯನ್ನು ಮೆಲುವಾದ ಗಾಯನದೊಡನೆ ಬೆಸೆಯುವುದರಲ್ಲಿ ಹೆಸರಾಗಿದ್ದ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ 2011ರ ‘ಹೆರಿಟೇಜ್’ನಿಂದ ಗ್ರೌಲ್ ಅನ್ನು ಪೂರ್ತಿ ಕೈಬಿಟ್ಟರು, ಅಲ್ಲಿಂದ ಮುಂದಿನ ಪ್ರತಿ ಆಲ್ಬಮ್ ಬಂದಾಗಲೂ ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂಬುದೇ ಚರ್ಚೆಯಾಯಿತು. 2024ರ ನವೆಂಬರಿನಲ್ಲಿ ಬಂದ ‘ದಿ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ, ಸತ್ತ ಯಜಮಾನನ ಮರಣಪತ್ರ ಓದುವ ಸಂದರ್ಭವನ್ನು ಹಾಡುಗಳಾಗಿ ಹೆಣೆದು, ಯಜಮಾನನ ದನಿಗೆಂದು ಗ್ರೌಲ್ ಮರಳಿ ಬಂದಾಗ ಕೇಳುಗರ ಸಂತೋಷಕ್ಕೆ ಪಾರವಿರಲಿಲ್ಲ, ಜೆಥ್ರೊ ಟಲ್ ತಂಡದ ಇಯಾನ್ ಆ್ಯಂಡರ್ಸನ್ ಅದರಲ್ಲಿ ಕೊಳಲು ನುಡಿಸಿರುವುದು, ಹಾಡುಗಳ ಲಯ ಎಷ್ಟು ತೊಡಕಾಗಿದೆ ಎಂಬುದು ಆ ಸಂಭ್ರಮದಲ್ಲಿ ಹಿಂದಕ್ಕೆ ಸರಿದವು.

ಆಲ್ಬಮ್‌ಗಳ ಉದ್ದವೂ ಈಗ ಒಂದು ತಕರಾರು. ಐರನ್ ಮೇಡನ್‌ನ ‘ಸೆಂಜುತ್ಸು’ ಸುಮಾರು 82 ನಿಮಿಷ, ಮೆಟಾಲಿಕಾದ ‘72 ಸೀಸನ್ಸ್’ 77 ನಿಮಿಷ. ಕಂಪನಿಯಿಂದ ಪ್ರತಿ ಪಡೆದು ಗಡುವಿನೊಳಗೆ ಬರೆಯುವವರಿಗಿಂತ ಇವುಗಳನ್ನು ತಿಂಗಳುಗಟ್ಟಲೆ ಕೇಳಲು ಪುರಸೊತ್ತಿರುವ ಹವ್ಯಾಸಿಗೆ ಇಲ್ಲಿ ಅನುಕೂಲ ಹೆಚ್ಚು, ಆದರೆ ಬಿಡುಗಡೆಯ ದಿನವೇ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ಆತುರದಲ್ಲಿ ಅವನು ಆ ಅನುಕೂಲವನ್ನು ತಾನಾಗಿ ಬಿಟ್ಟುಕೊಡುತ್ತಾನೆ.

ಬೆಂಗಳೂರಿಗೂ ಈ ಸಂಗೀತದ ನಂಟು ಹಳೆಯದು. ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಹಾಡಿದಾಗ ನೆರೆದ ಸಹಸ್ರಾರು ಜನರಲ್ಲಿ ಹಲವರು ಆ ಹಾಡುಗಳನ್ನು ಕಲಿತದ್ದು ಗೆಳೆಯರ ಕ್ಯಾಸೆಟ್ಟುಗಳಿಂದಲೇ ಹೊರತು ಯಾವ ವಿಮರ್ಶೆಯಿಂದಲೂ ಅಲ್ಲ. ಕನ್ನಡ ಪತ್ರಿಕೆಗಳಲ್ಲಂತೂ ಮೆಟಲ್ ಆಲ್ಬಮ್ಮಿನ ವಿಮರ್ಶೆ ಅಪರೂಪದ ಸಂಗತಿ. 1998ರಲ್ಲಿ ಇಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು, 2024ರಲ್ಲಿ ‘ಡೆಸಿಮೇಟರ್’ ಎಂಬ ಆಲ್ಬಮ್ಮನ್ನು ಜರ್ಮನಿಯದೇ ಕಂಪನಿಯಿಂದ ತಂದಿತು. ಅದರ ರಿಫ್‌ಗಳು 1980ರ ದಶಕದ ಬ್ರಿಟಿಷ್ ಮೆಟಲ್‌ನ ಸೊಗಸಿನವು, ಎರಡು ಗಿಟಾರುಗಳು ಜೊತೆಗೂಡಿ ನುಡಿಸುವ ಸ್ವರಸಾಲುಗಳೂ ಹಾಗೆಯೇ. ಗಾಯನ ಮಾತ್ರ ಆ ಕಾಲದ ಎತ್ತರದ, ಏರುಶ್ರುತಿಯ ಗಾಯನವಲ್ಲ, ಕರ್ಕಶವಾಗಿ ಗೀರುವಂಥದ್ದು. ಇಂಥ ರಿಫ್‌ಗೆ ಇಂಥ ಗಂಟಲು ಹೊಂದುತ್ತದೆಯೇ ಎಂಬ ವಿಷಯದಲ್ಲಿ ಹಳೆಯ ಮೆಟಲ್ ಇಷ್ಟಪಡುವವರಿಗೂ ಹೊಸದನ್ನು ಇಷ್ಟಪಡುವವರಿಗೂ ಒಮ್ಮತವಿಲ್ಲ, ಮತ್ತು ‘ಡೆಸಿಮೇಟರ್’ನಲ್ಲೂ ತಂಡ ಆ ಕರ್ಕಶ ಗಾಯನವನ್ನು ಬಿಟ್ಟಿಲ್ಲ.