ಮಗಳ ಕೆಲಸಕ್ಕೂ ನಕ್ಷತ್ರದ ನಂಟು!

ಹಾರೋಹಳ್ಳಿಯ ಇಂಜಿನಿಯರಿಂಗ್ ಕಾಲೇಜಿನಿಂದ ಸುಸ್ತಾಗಿ ಮನೆಗೆ ಬಂದ ಮಗಳು ಬ್ಯಾಗನ್ನು ಸೋಫಾ ಮೇಲೆಸೆದು, ‘ಅಮ್ಮಾ, ನಾನು ರಾಡಾರ್ ಅಲ್ಗಾರಿದಂ ಇಂಜಿನಿಯರ್ ಆಗ್ತೀನಿ, ಡಿಫೆನ್ಸ್‌ನಲ್ಲಿ’ ಅಂದಳು ಅಂತಿಟ್ಟುಕೊಳ್ಳಿ. ನಿಮ್ಮ ಎದೆ ಧಸಕ್ಕೆನ್ನುವುದು ಸಹಜ. ಗಡಿಗೆ ಹೋಗಬೇಕೇನೋ? ಬಂದೂಕು ಹಿಡೀಬೇಕೇನೋ? ನಾಳೆ ಗಂಡಿನ ಕಡೆಯವರು ‘ಹುಡುಗಿಗೆ ಏನು ಕೆಲಸ?’ ಅಂದರೆ ಏನಂತ ಹೇಳೋದು?

ಗಾಬರಿ ಬೇಡ. ಬೇಡ ಅನ್ನುವ ಮೊದಲು ಆ ಕೆಲಸ ಏನೆಂದು ತಿಳಿದುಕೊಳ್ಳಿ.

ಅಕ್ಕಿ ಕೇರಿದ ಹಾಗೆ

ರಾಡಾರ್ ರೇಡಿಯೊ ಅಲೆ ಕಳಿಸುತ್ತೆ, ಎದುರಿನ ವಸ್ತುವಿಗೆ ಬಡಿದು ವಾಪಸು ಬಂದ ಪ್ರತಿಧ್ವನಿಯನ್ನು ಹಿಡಿಯುತ್ತೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. 150 ಕಿ.ಮೀ. ದೂರದ ವಿಮಾನವನ್ನು ಮುಟ್ಟಿ ಬರಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು!

ತೊಂದರೆ ಏನೆಂದರೆ ಬೆಟ್ಟ, ಮರ, ಮಳೆ, ಹಕ್ಕಿ ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ಅದರಲ್ಲಿ ಬೇಕಾದ್ದನ್ನು ಆರಿಸುವ ಲೆಕ್ಕದ ಕ್ರಮವೇ ಅಲ್ಗಾರಿದಂ. ಮೊರದಲ್ಲಿ ಅಕ್ಕಿ ಕೇರುತ್ತೀರಲ್ಲ, ಹಾಗೇ. ಜೋರಾಗಿ ಕೇರಿದರೆ ಅಕ್ಕಿಯೂ ಹಾರುತ್ತೆ, ಮೆಲ್ಲಗೆ ಕೇರಿದರೆ ಹೊಟ್ಟು ಉಳಿಯುತ್ತೆ. ಇಲ್ಲಿಯೂ ಲೆಕ್ಕ ಬಿಗಿಯಾದರೆ ನಿಜವಾದ ವಿಮಾನ ತಪ್ಪಿಹೋದೀತು, ಸಡಿಲವಾದರೆ ಹಕ್ಕಿಯೇ ಶತ್ರುವಾದೀತು. ಆ ಹದ ಹುಡುಕುವುದೇ ನಿಮ್ಮ ಮಗಳ ಕೆಲಸ. ಕೈಯಲ್ಲಿ ಬಂದೂಕಲ್ಲ, ಕಂಪ್ಯೂಟರು.

ಪಂಚಾಂಗದ ಹೆಸರುಗಳು

ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ತನ್ನ ಹಲವು ರಾಡಾರ್‌ಗಳಿಗೆ ಇಟ್ಟ ಹೆಸರು ಕೇಳಿ: ರೋಹಿಣಿ, ರೇವತಿ, ಭರಣಿ, ಆಶ್ಲೇಷಾ, ಅಶ್ವಿನಿ, ಸ್ವಾತಿ. ಜಾತಕ ನೋಡುವ ನಮಗೆ ಹೊಸಬರೇನಲ್ಲ!

‘ಸ್ವಾತಿ’ಯ ಜಾಣತನ ನೋಡಿ. ನಿಮ್ಮ ಟೆರೇಸಿಗೆ ಕ್ರಿಕೆಟ್ ಚೆಂಡು ಬಂದು ಬಿದ್ದರೆ ಅದು ಬಂದ ದಿಕ್ಕು ನೋಡಿ ಯಾವ ಮನೆ ಹುಡುಗ ಹೊಡೆದ ಅಂತ ಹೇಳ್ತೀರಲ್ಲ? ಶತ್ರುವಿನ ಫಿರಂಗಿ ಗುಂಡು ಗಾಳಿಯಲ್ಲಿರುವಾಗಲೇ ಅದರ ಹಾದಿ ಅಳೆದು, ಎಲ್ಲಿಂದ ಹಾರಿತು ಎಂದು ಸ್ವಾತಿ ಲೆಕ್ಕ ಹಾಕುತ್ತೆ. 1999ರ ಕಾರ್ಗಿಲ್ ಯುದ್ಧದಲ್ಲಿ ಇಂಥ ರಾಡಾರ್ ಇಲ್ಲದ ಕೊರತೆ ನಮ್ಮ ಸೈನಿಕರನ್ನು ಕಾಡಿತ್ತು. ಲೆಕ್ಕ ಸರಿಯಾದರೆ ಯಾರದೋ ಮಗ ಉಳಿದಾನು.

ನಮ್ಮವರೇ ಹಾದಿ ಹಾಕಿದ್ದಾರೆ

‘ಇದೆಲ್ಲ ಗಂಡಸರ ಕೆಲಸ’ ಎನ್ನುವವರಿಗೆ ರಾಜೇಶ್ವರಿ ಚಟರ್ಜಿ ಹೆಸರು ಹೇಳಿ. 1922ರಲ್ಲಿ ಹುಟ್ಟಿದ ಈ ಕನ್ನಡತಿ ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿಯೊಂದಿಗೆ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. 2014ರಲ್ಲಿ ಜೆ. ಮಂಜುಳಾ ಡಿಆರ್‌ಡಿಒದ ಮೊದಲ ಮಹಿಳಾ ಮಹಾನಿರ್ದೇಶಕಿಯಾದರು.

ಅಮ್ಮಂದಿರಿಗೆ ಒಂದಿಷ್ಟು ಕಿವಿಮಾತು

* ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುವ ಮಗಳು ಗಣಿತ ಬಿಡದಿರಲಿ. ಸಂಭವನೀಯತೆ, ಸಿಗ್ನಲ್ ಪ್ರೊಸೆಸಿಂಗ್, ಜೊತೆಗೆ ಮ್ಯಾಟ್‌ಲ್ಯಾಬ್, ಪೈಥಾನ್, ಸಿ++ ಬೇಕು.

* ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ಗೇಟ್ ಅಂಕ ಮುಖ್ಯ. ಜಾಲಹಳ್ಳಿಯ ಬಿಇಎಲ್ ಕೂಡ ಇಂಜಿನಿಯರುಗಳನ್ನು ಆರಿಸುತ್ತೆ. ಪ್ರಕಟಣೆಗಳ ಮೇಲೆ ಕಣ್ಣಿರಲಿ.

* ಬಹುಪಾಲು ಕೆಲಸ ಲ್ಯಾಬಿನಲ್ಲೇ. ಪರೀಕ್ಷೆಗೆಂದು ಆಗಾಗ ಪರವೂರಿಗೆ ಹೋಗಬೇಕಾದೀತು. ಮದುವೆ ಮಾತುಕತೆಯಲ್ಲೇ ಇದನ್ನು ಹೇಳಿಬಿಡಿ. ಆಮೇಲೆ ಹೇಳಿದರಾಯ್ತು ಅನ್ನಬೇಡಿ.

* ‘ಯುದ್ಧದ ಸಾಮಾನು ಮಾಡೋದು ಸರಿಯಾ?’ ಎಂದು ಅವಳಿಗೇ ಒಂದು ದಿನ ಅನ್ನಿಸಬಹುದು. ಬಾಯಿ ಮುಚ್ಚಿಸಬೇಡಿ, ಕೂತು ಮಾತಾಡಿ.

* ಎಲ್ಲಕ್ಕಿಂತ ಕಷ್ಟದ್ದು ಗುಟ್ಟು. ಆಫೀಸಿನ ವಿಷಯ ಅವಳು ಮನೆಯಲ್ಲಿ ಹೇಳುವಂತಿಲ್ಲ. ‘ನನ್ನ ಹತ್ರಾನೂ ಮುಚ್ಚಿಡ್ತೀಯಾ?’ ಎಂದು ಮುನಿಸಿಕೊಳ್ಳಬೇಡಿ. ಪಕ್ಕದ ಮನೆಯವರ ಮುಂದೆ ಕೊಚ್ಚಿಕೊಳ್ಳಲೂ ಬೇಡಿ. ಕೇಳಿದವರಿಗೆ ‘ಎಲೆಕ್ಟ್ರಾನಿಕ್ಸ್ ಇಂಜಿನಿಯರ್’ ಎಂದರೆ ಸಾಕು.

ಏನು ಮಾಡಿದೆ ಎಂದು ಕೇಳುವ ಹಾಗಿಲ್ಲ, ನಿಜ. ಆದರೆ ‘ಊಟ ಮಾಡಿದ್ಯಾ? ಯಾಕೆ ಮುಖ ಬಾಡಿದೆ?’ ಎಂದು ಕೇಳಲು ಯಾವ ರೂಲ್ಸೂ ಅಡ್ಡಬರೋಲ್ಲ. ಆಫೀಸಿನ ಸುದ್ದಿ ಅಲ್ಲೇ ಇರಲಿ, ಅವಳ ಆಯಾಸ ಮಾತ್ರ ನಿಮ್ಮ ಹತ್ತಿರ ಬರಲಿ. ಏನಂತೀರಿ?