ಬಿಳುಪಿನೊಳಗಣ ಭೇದ

ಬಿಳುಪೆಲ್ಲ ಒಂದೇ ಎಂದು ನಾವು ಬಗೆಯುತ್ತೇವೆ. ಆದರೆ ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರುಗಳಲ್ಲಿ ಹಬ್ಬಕ್ಕೆ ಮುನ್ನ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದವರು ಒಂದು ಗುಟ್ಟನ್ನು ಬಲ್ಲರು: ಹಳದಿಯ ಛಾಯೆಯನ್ನು ನೀಲಿ ಅಡಗಿಸಿದಾಗಲೇ ಗೋಡೆ ಬೆಳ್ಳಗೆ ತೋರುವುದು. ಇಂದಿನ ಡಬ್ಬಿಯ ಬಣ್ಣಕ್ಕೆ ಬಿಳುಪನ್ನೀಯುವುದು ಟೈಟಾನಿಯಂ ಡೈಆಕ್ಸೈಡ್. ಅದರೊಡನೆ ಬೆರೆಯುವ ಕಪ್ಪು, ಹಳದಿ, ಕೆಂಪುಗಳ ಹನಿಗಳು ಮಾತ್ರ ಕಂಪನಿಗೊಂದು ಬಗೆ. ಆದಕಾರಣ ಒಂದು ಕಂಪನಿಯ ಬಿಳುಪಿನ ಮೇಲೆ ಇನ್ನೊಂದರದನ್ನು ಬಳಿದರೆ, ಹೆಸರು ಹೋಲಿದರೂ, ಪಡಸಾಲೆಯಲ್ಲಿ ತೇಪೆ ಎದ್ದು ಕಾಣುತ್ತದೆ. ಗಿಲಾವು ಉದುರಿದಷ್ಟಕ್ಕೇ ಬಳಿಯಹೊರಟ ಬಡವನಿಗೆ ಇಡೀ ಗೋಡೆಯ ಖರ್ಚು ಬೀಳುತ್ತದೆ. ಮೊದಲು ಹಲಗೆಯೊಂದಕ್ಕೆ ಬಳಿದು, ಒಣಗಿಸಿ, ಗೋಡೆಗೆ ಒರಗಿಸಿ ಹಗಲಿನಲ್ಲೂ ದೀಪದಲ್ಲೂ ನೋಡುವುದು ಲೇಸು. ಹೊಂದದಿದ್ದರೆ ಮೂಲೆಯಿಂದ ಮೂಲೆಯವರೆಗೆ ಒಂದೇ ಬಣ್ಣ ಬಳಿಯಬೇಕು; ಮೂಲೆಯಲ್ಲಿ ಬೆಳಕೇ ತಿರುಗುವುದರಿಂದ ಅಲ್ಪ ಭೇದವು ಕಣ್ಣಿಗೆ ಬೀಳದು.