ಮಳೆಗಾಲಕ್ಕೆ ಎಂಥ ಒಲೆ?

ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಜಯನಗರ 4ನೇ ಬ್ಲಾಕ್. ಜೋರು ಮಳೆ ಬಂದು ಆಗಷ್ಟೇ ನಿಂತಿತ್ತು. ನಮ್ಮ ಸಂಜೆ ತರಗತಿಗೆ ಬರುವ ಅಕ್ಕ ಒಬ್ಬರು ಅಲ್ಲಿ ಗಾಡಿ ಇಟ್ಟುಕೊಂಡು ಬಜ್ಜಿ, ಬೋಂಡ ಮಾರುತ್ತಾರೆ. ಮಳೆ ನಿಂತ ಕೂಡಲೇ ಗಿರಾಕಿಗಳು ಗಾಡಿಯ ಸುತ್ತ ಸೇರಿದರು.

"ಅಕ್ಕಾ, ಬಿಸಿಬಿಸಿ ಎರಡು ಪ್ಲೇಟ್ ಕೊಡಿ!"

ಆಗ ರಪ್ಪನೆ ಗಾಳಿ ಬೀಸಿತು. ಒಲೆ ಆರಿಹೋಯಿತು. ಅಕ್ಕ ಚಿಲ್ಲರೆ ಎಣಿಸುತ್ತಿದ್ದರು. ಅವರಿಗೆ ಗೊತ್ತಾಗಲಿಲ್ಲ. ಉರಿ ಆರಿದರೂ ಗ್ಯಾಸ್ ಬರುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಬಗ್ಗಿ ನೋಡಿದರು. ಉರಿ ಇಲ್ಲ. ಕೈ ಬೆಂಕಿಪೊಟ್ಟಣಕ್ಕೆ ಹೋಯಿತು. ಪಕ್ಕದಲ್ಲಿ ಹೂವು ಮಾರುವಾಕೆ ಕೂಗಿದಳು.

"ಗೀರಬೇಡಕ್ಕಾ! ಗ್ಯಾಸ್ ವಾಸನೆ ಹೊಡೀತಾ ಇದೆ!"

ಆ ಒಂದು ಮಾತಿನಿಂದ ಅಕ್ಕನ ಜೀವ ಉಳಿಯಿತು.

ಮರುದಿನ ಅಕ್ಕ ತರಗತಿಯಲ್ಲಿ ಕೇಳಿದರು. "ಮಿಸ್, ಹೊಸ ಒಲೆ ತಗೋಬೇಕು. ಬೀದೀಲಿ, ಮಳೇಲಿ ಇಟ್ಕೊಳ್ಳೋಕೆ ಯಾವುದು ಒಳ್ಳೇದು?"

ನಮಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ತಿಳಿದವರನ್ನು ಕೇಳಿದೆವು. ಅಂಗಡಿಗೆ ಎಲ್ಲರೂ ಸೇರಿ ಹೋದೆವು. ಅಲ್ಲಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಗಾಡಿ ಹಾಕುವ ಅಕ್ಕತಂಗಿಯರಿಗೂ ಇದು ಬೇಕಾದ ಮಾತೇ.

ಮನೆಯ ಒಲೆ, ಬೀದಿಯ ಒಲೆ

ಮನೆಯಲ್ಲಿ ಒಲೆಗೆ ಗೋಡೆ ಇದೆ, ಸೂರು ಇದೆ. ಬೀದಿಯಲ್ಲಿ ಏನಿದೆ? ಗಾಳಿ ನಾಲ್ಕೂ ಕಡೆಯಿಂದ ಬರುತ್ತದೆ. ಮಳೆ ಎರಚುತ್ತದೆ. ನೆಲ ಏರುತಗ್ಗು.

ಬೆಂಗಳೂರಿನ ಮಳೆ ಒಂದೆರಡು ತಿಂಗಳಲ್ಲಿ ಮುಗಿಯುವುದಿಲ್ಲ. ಮೇ ತಿಂಗಳಲ್ಲಿ ಗುಡುಗು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು. ಅಂದರೆ ವರ್ಷದಲ್ಲಿ ಅರ್ಧ ಕಾಲ ನಮ್ಮ ಒಲೆ ಒದ್ದೆ ಗಾಳಿಯಲ್ಲೇ ಇರುತ್ತದೆ. ನೀರು ಮತ್ತು ಗಾಳಿ ಎರಡೂ ತಗುಲಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಉಪ್ಪು ನೀರು ಬಿದ್ದರೆ ಇನ್ನೂ ಬೇಗ ಹಿಡಿಯುತ್ತದೆ. ಬಜ್ಜಿ ಹಿಟ್ಟಿನಲ್ಲೂ ಉಪ್ಪು ಇದೆ, ಅಲ್ಲವೇ?

ಅದಕ್ಕೇ ಮನೆಗೆ ಚೆಂದ ಕಾಣುವ ಒಲೆ ಬೀದಿಗೆ ಆಗುವುದಿಲ್ಲ.

ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಒಲೆ ಕೊಳ್ಳುವ ಮೊದಲು ಗ್ಯಾಸಿನ ಗುಣ ತಿಳಿಯಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಇಳಿಯುತ್ತದೆ. ತಗ್ಗಿನಲ್ಲಿ ನಿಲ್ಲುತ್ತದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ತಿಳಿಯಲಿ ಅಂತ ಕಂಪನಿಯವರೇ ಕೆಟ್ಟ ವಾಸನೆ ಬೆರೆಸಿರುತ್ತಾರೆ.

ನಮ್ಮ ಊರಿನ ಬಹಳಷ್ಟು ಫುಟ್‌ಪಾತ್‌ಗಳ ಕೆಳಗೆ ಏನಿದೆ? ಚರಂಡಿ. ಮೇಲೆ ಕಲ್ಲು ಚಪ್ಪಡಿ. ಚಪ್ಪಡಿಗಳ ನಡುವೆ ಸಂದು. ಗಾಡಿ ಅದರ ಮೇಲೇ ನಿಂತಿರುತ್ತದೆ. ಸೋರಿದ ಗ್ಯಾಸ್ ಆ ಸಂದಿನಲ್ಲಿ ಇಳಿದು ಚರಂಡಿಯಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಒಂದು ಬೀಡಿ ಕಿಡಿ ಬಿದ್ದರೂ ಸಾಕು, ಹೊತ್ತಿಕೊಳ್ಳುತ್ತದೆ. "ಬಯಲಲ್ಲಿ ಇದ್ದೀವಿ, ಗ್ಯಾಸ್ ಗಾಳೀಲಿ ಹಾರಿಹೋಗುತ್ತೆ" ಅನ್ನೋ ಮಾತನ್ನು ನಂಬಬೇಡಿ. ಸಿಲಿಂಡರನ್ನು ಚರಂಡಿ ಬಾಯಿಯಿಂದ, ಚಪ್ಪಡಿ ಸಂದಿನಿಂದ ದೂರ ಇಡಿ.

ಅಂಗಡಿಯಲ್ಲಿ ಏನು ನೋಡಬೇಕು?

ಅಂಗಡಿಯವರು ಮೊದಲು ತೋರಿಸಿದ್ದು ಗಾಜಿನ ಒಲೆ. ನೋಡಲು ಫಳಫಳ. ಆದರೆ ಕಾದ ಗಾಜಿನ ಮೇಲೆ ತಣ್ಣನೆ ಮಳೆ ನೀರು ಬಿದ್ದರೆ ಗಾಜು ಒಡೆಯಬಹುದು. ಬೀದಿಗೆ ಅದು ಬೇಡ.

ಆಮೇಲೆ ತೋರಿಸಿದ್ದು 5 ಕಿಲೋ ಸಿಲಿಂಡರಿನ ತಲೆಯ ಮೇಲೆ ಕೂರುವ ಪುಟ್ಟ ಒಲೆ. ಹೊತ್ತು ಒಯ್ಯಲು ಸುಲಭ. ಒಂದು ಲೋಟ ಟೀಗೆ ಸಾಕು. ಆದರೆ ಎಣ್ಣೆ ಬಾಣಲೆ ಇಟ್ಟರೆ ತಲೆಭಾರ. ಏರುತಗ್ಗು ನೆಲದಲ್ಲಿ ವಾಲಿದರೆ ಗತಿ ಏನು? ಕಾದ ಎಣ್ಣೆ, ಉರಿ, ಸಿಲಿಂಡರು ಮೂರೂ ಒಂದೇ ಕಡೆ. ಅದೂ ಬೇಡ ಅಂದೆವು.

ಕೊನೆಗೆ ನೋಡಿದ್ದು ಹೋಟೆಲ್ ಒಲೆ. ದಪ್ಪ ಕಬ್ಬಿಣದ ಚೌಕಟ್ಟು, ಅಗಲ ಕಾಲು, ಒಂದೇ ದೊಡ್ಡ ಬರ್ನರ್. ಇದು ಬೀದಿಗೆ ಸರಿ. ಆದರೂ ಇಷ್ಟನ್ನು ನೋಡಿ:

1. ನಮ್ಮ ಬಾಣಲೆಯನ್ನೇ ಅಂಗಡಿಗೆ ಒಯ್ದು ಒಲೆಯ ಮೇಲೆ ಇಟ್ಟು ನೋಡಿ. ಅಲ್ಲಾಡಬಾರದು.

2. ಕಾಲು ನಾಲ್ಕೂ ನೆಲಕ್ಕೆ ತಾಗಬೇಕು. ಕೈಯಿಂದ ತಳ್ಳಿದರೆ ಕುಂಟಬಾರದು.

3. ಬರ್ನರ್ ಹಿತ್ತಾಳೆಯದಾದರೆ ಒಳ್ಳೆಯದು. ಹಿತ್ತಾಳೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ತುಕ್ಕು ಹಿಡಿದರೆ ಬರ್ನರಿನ ತೂತು ಮುಚ್ಚುತ್ತದೆ. ಆಗ ಉರಿ ಹಳದಿಯಾಗುತ್ತದೆ, ಪಾತ್ರೆ ಮಸಿಯಾಗುತ್ತದೆ, ಗ್ಯಾಸ್ ದಂಡ. ನೀಲಿ ಉರಿಯೇ ಸರಿಯಾದ ಉರಿ.

4. ಗುಂಡಿ ತಿರುಗಿಸಿ ನೋಡಿ. ಸಡಿಲ ಇರಬಾರದು. ಸೀರೆ ಸೆರಗು ತಾಗಿದರೆ ತಿರುಗುವಂತಿರಬಾರದು.

5. ಗುಂಡಿ ಒತ್ತಿದರೆ ತಾನೇ ಹೊತ್ತುವ ಒಲೆಗೆ ಹೆಚ್ಚು ದುಡ್ಡು ಕೊಡಬೇಡಿ. ತೇವದಲ್ಲಿ ಅದರ ಕಿಡಿ ಹಾರುವುದಿಲ್ಲ. ಲೈಟರನ್ನು ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

6. ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಒಲೆಯೂ ಬರುತ್ತದೆ. ಬೆಲೆ ಹೆಚ್ಚು. ಆದರೆ ಕೈಯಲ್ಲಿ ಆಗುವುದಾದರೆ ಅದಕ್ಕೆ ದುಡ್ಡು ಹಾಕಿ. ಆ ಸಂಜೆ ಅಕ್ಕನ ಹತ್ತಿರ ಅಂಥ ಒಲೆ ಇದ್ದಿದ್ದರೆ ಗ್ಯಾಸ್ ಸೋರುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಹೋಟೆಲ್ ಒಲೆಯಲ್ಲಿ ಎರಡು ಜಾತಿ. ಒಂದು ಕಡಿಮೆ ಒತ್ತಡದ್ದು, ಇನ್ನೊಂದು ಹೆಚ್ಚು ಒತ್ತಡದ್ದು. ಒಲೆ ಯಾವ ಜಾತಿಯೋ ರೆಗ್ಯುಲೇಟರ್, ಪೈಪು ಎರಡೂ ಅದೇ ಜಾತಿ ಆಗಿರಬೇಕು. ಕಡಿಮೆ ಒತ್ತಡದ ಒಲೆಗೆ ಹೆಚ್ಚು ಒತ್ತಡದ ರೆಗ್ಯುಲೇಟರ್ ಹಾಕಿದರೆ ಉರಿ ಮುಖಕ್ಕೇ ಬರುತ್ತದೆ. ಬಿಲ್ ಬರೆಸುವ ಮುಂಚೆ "ಮೂರೂ ಒಂದಕ್ಕೊಂದು ಹೊಂದುತ್ತಾ?" ಅಂತ ಕೇಳಿ.

ಅಕ್ಕ ತಮ್ಮ ಸಂಘದಿಂದ ಸಾಲ ತೆಗೆದು ಒಲೆ ಕೊಂಡರು. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಶುರುವಾದ ಪಿ.ಎಂ. ಸ್ವನಿಧಿ ಸಾಲವೂ ಇದೆ. ಬ್ಯಾಂಕಿನಲ್ಲಿ ವಿಚಾರಿಸಿ.

ಅಕ್ಷರ ಓದಿ, ಅಂಕಿ ಓದಿ

ನಾವು ಅಕ್ಷರ ಕಲಿತದ್ದು ಯಾತಕ್ಕೆ? ಇದಕ್ಕೂ ಹೌದು.

ಮನೆಯ ಒಲೆಯ ಮೇಲೆ ಐಎಸ್‌ಐ ಗುರುತು ಇರುತ್ತದೆ. ಗುರುತಿನ ಮೇಲ್ಗಡೆ 4246 ಎಂಬ ಅಂಕಿ ಇರುತ್ತದೆ. ಮನೆ ಅಡುಗೆಗೆ ಪರೀಕ್ಷೆ ಮಾಡಿದ ಒಲೆ ಅಂತ ಅದರ ಅರ್ಥ. ಮನೆಗೆ ಕೊಳ್ಳುವಾಗ ಈ ಅಂಕಿ ಹುಡುಕಿ.

ರಬ್ಬರ್ ಪೈಪಿನ ಮೇಲೂ ಐಎಸ್‌ಐ ಗುರುತು, ತಯಾರಾದ ವರ್ಷ ಇರುತ್ತವೆ. ಮನೆಯ ಪೈಪನ್ನೇ 5 ವರ್ಷಕ್ಕೆ ಬದಲಿಸಬೇಕು. ಬೀದಿಯ ಪೈಪು ಬಿಸಿಲು ಮಳೆ ಎರಡನ್ನೂ ತಿನ್ನುತ್ತದೆ. ಇಲಿಯೂ ಕಡಿಯುತ್ತದೆ. ಬಾಗಿಸಿ ನೋಡಿ. ಬಿರುಕು ಕಂಡರೆ ವರ್ಷ ಎಣಿಸಬೇಡಿ, ಆಗಲೇ ಬದಲಿಸಿ.

ಈಗ ಸಿಲಿಂಡರ್. ಮನೆಯ ಸಿಲಿಂಡರ್ 14.2 ಕಿಲೋ, ಕೆಂಪು ಬಣ್ಣ. ಅದನ್ನು ವ್ಯಾಪಾರಕ್ಕೆ ಬಳಸುವುದು ತಪ್ಪು. ಸಿಕ್ಕಿಬಿದ್ದರೆ ಸಿಲಿಂಡರೂ ಹೋಗುತ್ತದೆ, ಕೇಸೂ ಆಗುತ್ತದೆ. ವ್ಯಾಪಾರದ್ದು 19 ಕಿಲೋ, ಸಾಮಾನ್ಯವಾಗಿ ನೀಲಿ ಬಣ್ಣ. ಸಣ್ಣ ವ್ಯಾಪಾರಕ್ಕೆ 5 ಕಿಲೋದ್ದೂ ಸಿಗುತ್ತದೆ. ಅದಕ್ಕೆ ಮನೆ ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಅದನ್ನು ಒಲೆಯ ಪಕ್ಕದಲ್ಲಿ ಇಟ್ಟು ಪೈಪಿನಿಂದ ಜೋಡಿಸಿ.

ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿ ನೋಡಿ. ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಬರೆದಿರುತ್ತದೆ. ಅದು ಮುಂದಿನ ಪರೀಕ್ಷೆಯ ಗಡುವು.

ಎ ಅಂದರೆ ಜನವರಿಯಿಂದ ಮಾರ್ಚ್.
ಬಿ ಅಂದರೆ ಏಪ್ರಿಲ್‌ನಿಂದ ಜೂನ್.
ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್.
ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್.

ಅಂಕಿ ಅಂದರೆ ವರ್ಷ. "ಬಿ-28" ಅಂತಿದ್ದರೆ 2028ರ ಜೂನ್ ಕೊನೆಯವರೆಗೆ ಸರಿ. ಗಡುವು ದಾಟಿದ ಸಿಲಿಂಡರ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ಗಾಳಿಗೆ ಅಡ್ಡ, ಮಳೆಗೆ ಸೂರು

ಎಷ್ಟೇ ಒಳ್ಳೆಯ ಒಲೆ ತಂದರೂ ಗಾಳಿಗೆ ಅಡ್ಡ ಬೇಕೇ ಬೇಕು. ಉರಿಯ ಸುತ್ತ ಮೂರು ಕಡೆ ತಗಡು ನಿಲ್ಲಿಸಿ. ನಮ್ಮ ಕಡೆ ತೆರೆದಿರಲಿ. ತಗಡಿನ ಬುಡದಲ್ಲಿ ಗಾಳಿ ಆಡಲು ಜಾಗ ಬಿಡಿ. ಸಿಲಿಂಡರ್ ತಗಡಿನ ಹೊರಗೆ ಇರಲಿ. ಒಳಗೆ ಇಟ್ಟರೆ ಕಾಯುತ್ತದೆ.

ಮಳೆ ಬಂತು ಅಂತ ನಾಲ್ಕೂ ಕಡೆ ಟಾರ್ಪಾಲು ಇಳಿಬಿಡುತ್ತೇವೆ. ಇದು ಅಪಾಯ. ಮುಚ್ಚಿದ ಜಾಗದಲ್ಲಿ ಒಲೆಗೆ ಗಾಳಿ ಸಾಲುವುದಿಲ್ಲ. ಆಗ ವಿಷದ ಹೊಗೆ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತದೆ, ಪ್ರಾಣವೇ ಹೋಗಬಹುದು. ಸೋರಿದ ಗ್ಯಾಸೂ ಒಳಗೇ ನಿಲ್ಲುತ್ತದೆ. ಕಡೇಪಕ್ಷ ಎರಡು ಕಡೆ ತೆರೆದಿರಲಿ.

ಮೇಲಿನ ಟಾರ್ಪಾಲು ಎತ್ತರಕ್ಕೆ ಕಟ್ಟಿ. ನೀರು ಹಿಂದಕ್ಕೆ ಹರಿಯುವಂತೆ ಇಳಿಜಾರು ಕೊಡಿ. ಕಾದ ಎಣ್ಣೆಗೆ ನೀರು ಬಿದ್ದರೆ ಆ ನೀರು ಎಣ್ಣೆಯ ತಳಕ್ಕೆ ಹೋಗಿ, ಒಮ್ಮೆಲೇ ಆವಿಯಾಗಿ, ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕೈ, ಮುಖ ಸುಡುತ್ತದೆ.

ದಿನಾ ಮಾಡುವ ಕೆಲಸ

ರಾತ್ರಿ ಗಾಡಿ ಮುಚ್ಚುವಾಗ ಮೊದಲು ರೆಗ್ಯುಲೇಟರ್ ಬಂದ್ ಮಾಡಿ. ಒಲೆ ಆರಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಕಬ್ಬಿಣದ ಭಾಗಕ್ಕೆ ತೆಳ್ಳಗೆ ಅಡುಗೆ ಎಣ್ಣೆ ಸವರಿ. ಬರ್ನರನ್ನು ಬಿಚ್ಚಿ ಬೋರಲು ಇಡಿ.

ವಾರಕ್ಕೊಮ್ಮೆ ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಕಡ್ಡಿ ಗೀರಿ ಎಂದೂ ಪರೀಕ್ಷೆ ಮಾಡಬೇಡಿ.

ಮಳೆಗಾಲದಲ್ಲಿ ಸಿಲಿಂಡರ್ ಬೆವರುತ್ತದೆ. ಇದಕ್ಕೆ ಹೆದರಬೇಡಿ. ಒಳಗಿನ ಗ್ಯಾಸ್ ನೀರಿನಂತೆ ಇರುತ್ತದೆ. ಅದು ಆವಿಯಾಗುವಾಗ ಸಿಲಿಂಡರ್ ತಣ್ಣಗಾಗುತ್ತದೆ. ಗಾಳಿಯ ತೇವ ಹೊರಗೆ ಹನಿಗಟ್ಟುತ್ತದೆ. ಆದರೆ ಉರಿ ಸಣ್ಣಗಾಯಿತು ಅಂತ ಸಿಲಿಂಡರನ್ನು ಬಿಸಿನೀರಿನಲ್ಲಿ ಇಡಬೇಡಿ. ಮಲಗಿಸಬೇಡಿ. ಮಲಗಿಸಿದರೆ ಗ್ಯಾಸ್ ನೀರಿನ ರೂಪದಲ್ಲೇ ಪೈಪಿಗೆ ಬಂದು ಉರಿ ಭುಗಿಲೇಳುತ್ತದೆ.

ವಾಸನೆ ಬಂದರೆ?

ಕಡ್ಡಿ ಗೀರಬೇಡಿ. ಗಾಡಿಯ ಬಲ್ಬಿನ ಸ್ವಿಚ್ಚು ಮುಟ್ಟಬೇಡಿ. ಒಲೆಯ ಗುಂಡಿ, ರೆಗ್ಯುಲೇಟರ್ ಎರಡೂ ಬಂದ್ ಮಾಡಿ. ಪಕ್ಕದ ಗಾಡಿಯ ಉರಿಯನ್ನೂ ಆರಿಸಲು ಹೇಳಿ. ಜನರನ್ನು ದೂರ ಕಳಿಸಿ. ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಯ ಸಹಾಯವಾಣಿ. ಬೆಂಕಿ ಹತ್ತಿದರೆ 112ಕ್ಕೆ ಮಾಡಿ. ವಾಸನೆ ಪೂರ್ತಿ ಹೋಗುವವರೆಗೆ ಒಲೆ ಹಚ್ಚಬೇಡಿ. ಗಿರಾಕಿ ಕಾಯಲಿ.

ಹೊಸ ಒಲೆ ತಂದು ಸ್ವಲ್ಪ ದಿನ ಆಗಿತ್ತು. ಅಕ್ಕ ಒಂದು ಸಂಜೆ ನಗುತ್ತಾ ತರಗತಿಗೆ ಬಂದರು.

"ಮಿಸ್, ಇವತ್ತು ಒಂದು ಸಿಲಿಂಡರ್ ವಾಪಸ್ ಕಳಿಸಿದೆ. ತಂದ ಹುಡುಗ, 'ಏನೂ ಆಗಲ್ಲ, ಇಟ್ಕೊಳ್ಳಿ ಅಕ್ಕಾ' ಅಂದ. 'ಇಲ್ಲಿ ಓದಪ್ಪಾ, ಗಡುವು ಮುಗಿದಿದೆ' ಅಂತ ನಾನೇ ಬೆರಳಿಟ್ಟು ತೋರಿಸಿದೆ. ಸುಮ್ಮನೆ ಬೇರೆ ತಂದುಕೊಟ್ಟ."

ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಸಿಲಿಂಡರಿನ ಪಟ್ಟಿ ನೋಡಿ. ಅಕ್ಷರ ಯಾವುದು? ಅಂಕಿ ಎಷ್ಟು? ಬರೆದುಕೊಂಡು ಬನ್ನಿ. ನಾಳೆ ತರಗತಿಯಲ್ಲಿ ಎಲ್ಲರೂ ಸೇರಿ ಓದೋಣ.